ಮೊದಲು ತಂದವರು, ಹೆಸರು ಪಡೆದವರು

ನವೆಂಬರ್ ಹೊತ್ತಿಗೆ ಇಂಗ್ಲೆಂಡಿನ ಮನೆತೋಟಗಳಲ್ಲಿ ಎಲೆಯೆಲ್ಲ ಉದುರಿ ಬೋಳಾಗಿ ನಿಂತ ಗಿಡಗಳ ನಡುವೆ ಒಂದು ಪೊದೆ ಹೂ ಬಿಡಲು ಶುರುಮಾಡುತ್ತದೆ. ಎಲೆಯಿಲ್ಲದ ಕೊಂಬೆಗಳ ತುಂಬ ನಸುಗೆಂಪು ಗೊಂಚಲು, ಜೊತೆಗೆ ಗಾಢ ಪರಿಮಳ. ಹಿಮ ಬಿದ್ದರೆ ಅರಳಿದ ಹೂಗಳು ಕಂದಿಹೋಗುತ್ತವೆ. ಚಳಿ ಕೊಂಚ ಸಡಿಲವಾದರೆ ಉಳಿದ ಮೊಗ್ಗುಗಳು ಅರಳುತ್ತವೆ. ಮಾರ್ಚ್‌ವರೆಗೂ ಹೀಗೇ. ಇದು ವೈಬರ್ನಮ್ ಬಾಡ್ನಂಟೆನ್ಸ್. ಇದರ ಹೆಸರಾಂತ ತಳಿ 'ಡಾನ್', ಅಂದರೆ ಮುಂಜಾವು. ಇದರ ಅರ್ಧ ವಂಶ ಹಿಮಾಲಯದ್ದು, ಇನ್ನರ್ಧ ಚೀನಾದ್ದು. ಈ ಎರಡು ಅರ್ಧಗಳು ಕೂಡಿಬಂದ ಕಥೆಯಲ್ಲಿ ದುಡಿದವರು ಒಬ್ಬರು, ಹೆಸರು ಪಡೆದವರು ಇನ್ನೊಬ್ಬರು.

ಹಿಮಾಲಯದ ಕಡೆಯ ಗಿಡ ವೈಬರ್ನಮ್ ಗ್ರ್ಯಾಂಡಿಫ್ಲೋರಮ್. ಕಾಶ್ಮೀರದಿಂದ ಭೂತಾನದವರೆಗೆ, ಸುಮಾರು ಮೂರು ಸಾವಿರ ಮೀಟರ್ ಎತ್ತರದ ಕಾಡುಗಳಲ್ಲಿ ಬೆಳೆಯುತ್ತದೆ. ಕೆಂಪಗಿದ್ದು ಮಾಗಿದಾಗ ಕಪ್ಪಾಗುವ ಇದರ ಹಣ್ಣನ್ನು ಬೆಟ್ಟದ ಜನ ತಿನ್ನುತ್ತಾರೆ. ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಡೆನ್ಮಾರ್ಕಿನ ನಥಾನಿಯಲ್ ವಾಲಿಚ್ ಇದಕ್ಕೆ ಹೆಸರು ಸೂಚಿಸಿದ. ಜಿನೀವಾದ ಡಿ ಕ್ಯಾಂಡೋಲ್ 1830ರಲ್ಲಿ ಅದನ್ನು ಪ್ರಕಟಿಸಿದ. ಬೆಟ್ಟ ಹತ್ತಿ ಗಿಡ ಕಿತ್ತು, ಒಣಗಿಸಿ, ಹೊತ್ತು ತರುತ್ತಿದ್ದ ಸ್ಥಳೀಯರು ವಾಲಿಚ್‌ನ ಕೈಕೆಳಗೆ ಅನೇಕರಿದ್ದರು. ಗಿಡದ ಹೆಸರಿನ ಪಕ್ಕದಲ್ಲಿ ಉಳಿದದ್ದು ಮಾತ್ರ ಈ ಇಬ್ಬರ ಹೆಸರು. ಜೀವಂತ ಗಿಡ ಬ್ರಿಟನ್ನಿಗೆ ತಲುಪಲು ಮತ್ತೆ 84 ವರ್ಷ ಬೇಕಾಯಿತು. ಲಿವರ್‌ಪೂಲಿನ ಹತ್ತಿ ವರ್ತಕ ಬುಲ್ಲಿಗಾಗಿ ಸಸ್ಯ ಹುಡುಕುತ್ತಿದ್ದ ರೋಲಂಡ್ ಕೂಪರ್ 1914ರಲ್ಲಿ ಭೂತಾನದಿಂದ ಅದನ್ನು ಕಳಿಸಿದ.

ಚೀನಾದ ಗಿಡದ ಕಥೆ ಇನ್ನೂ ಸ್ವಾರಸ್ಯದ್ದು. ಉತ್ತರ ಚೀನಾದ ಜನ ಅದನ್ನು ಬಹಳ ಕಾಲದಿಂದ ತಮ್ಮ ಅಂಗಳಗಳಲ್ಲಿ ಬೆಳೆಸುತ್ತಿದ್ದರು. ರಷ್ಯಾದ ಸಸ್ಯವಿಜ್ಞಾನಿ ಬುಂಗೆ ಅದಕ್ಕೆ 'ಪರಿಮಳದ ವೈಬರ್ನಮ್' ಎಂಬರ್ಥದ ಲ್ಯಾಟಿನ್ ಹೆಸರಿಟ್ಟಿದ್ದ. ಅದರ ಬೀಜವನ್ನು 1910ರ ಸುಮಾರಿಗೆ ಇಂಗ್ಲೆಂಡಿನ ವೀಚ್ ನರ್ಸರಿಗೆ ಕಳಿಸಿದವನು ವಿಲಿಯಂ ಪರ್ಡಮ್. ಅವನು ತೋಟದ ಮೇಸ್ತ್ರಿಯೊಬ್ಬನ ಮಗ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿಯುತ್ತಿದ್ದಾಗ ಅಲ್ಲಿನ ನೌಕರರ ಸಂಘದ ಕಾರ್ಯದರ್ಶಿಯಾಗಿದ್ದವನು.

1914ರಲ್ಲಿ ಪರ್ಡಮ್ ಮತ್ತೊಮ್ಮೆ ಗನ್ಸು ಪ್ರಾಂತದ ಕಡೆ ಹೊರಟ, ಈ ಸಲ ರೆಜಿನಾಲ್ಡ್ ಫ್ಯಾರರ್ ಜೊತೆಗೆ. ಫ್ಯಾರರ್ ಅನುಕೂಲಸ್ಥ ಮನೆಯವನು, ಸೊಗಸಾಗಿ ಬರೆಯಬಲ್ಲವನು. ಆ ಪ್ರಯಾಣದ ಬಗ್ಗೆ ಅವನು ಪುಸ್ತಕಗಳನ್ನೇ ಬರೆದ. ಅವುಗಳಲ್ಲಿ ಸಂಗಾತಿಯನ್ನು ಮನಸಾರೆ ಹೊಗಳಿದ ಎಂಬುದನ್ನೂ ಹೇಳಬೇಕು. ಫ್ಯಾರರ್ 1920ರಲ್ಲಿ ಬರ್ಮಾದ ಬೆಟ್ಟಗಳಲ್ಲಿ ತೀರಿಕೊಂಡ. ಪರ್ಡಮ್ ಮರುವರ್ಷ ಪೀಕಿಂಗಿನಲ್ಲಿ. ಬುಂಗೆ ಇಟ್ಟ ಹೆಸರು ಬೇರೊಂದು ಗಿಡಕ್ಕೆ ಮೊದಲೇ ಸಂದಿದೆ ಎಂದು ಗೊತ್ತಾದಾಗ, 1966ರಲ್ಲಿ ವಿಲಿಯಂ ಸ್ಟರ್ನ್ ಹೊಸ ಹೆಸರು ಕೊಟ್ಟರು: ವೈಬರ್ನಮ್ ಫ್ಯಾರೆರಿ. ಮೊದಲು ಬೀಜ ಕಳಿಸಿದವನಿಗಿಂತ ಬರೆದವನ ಹೆಸರೇ ಗಿಡಕ್ಕೆ ಅಂಟಿಕೊಂಡಿತು.

ಮುಂದಿನ ಅಧ್ಯಾಯದಲ್ಲೂ ಅದೇ ಆಯಿತು. 1933ರಲ್ಲಿ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಚಾರ್ಲ್ಸ್ ಲ್ಯಾಮಾಂಟ್ ಈ ಎರಡು ಗಿಡಗಳನ್ನು ಕೂಡಿಸಿದ. ಹುಟ್ಟಿದ ಸಸಿಗಳು ತಂದೆತಾಯಿಗಿಂತ ಮೇಲಾಗಿ ಕಾಣಲಿಲ್ಲ. ಅವನು ಅವುಗಳನ್ನು ಹೆಚ್ಚಿಸುವ ಗೋಜಿಗೆ ಹೋಗಲಿಲ್ಲ. ಒಂದೆರಡು ವರ್ಷದಲ್ಲೇ ವೇಲ್ಸಿನ ಬಾಡ್ನಂಟ್ ತೋಟದಲ್ಲಿ ಅದೇ ಸಂಕರ ನಡೆಯಿತು. ಆ ತೋಟದ ಒಡೆಯ ಲಾರ್ಡ್ ಅಬರ್ಕಾನ್ವೇ, ಆಗ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಅಧ್ಯಕ್ಷ. ಸಂಕರಕ್ಕೆ ಬಾಡ್ನಂಟಿನ ಹೆಸರೇ ಬಿತ್ತು. ಅಲ್ಲಿ ಆರಿಸಿದ 'ಡಾನ್' ಊರೂರಿನ ನರ್ಸರಿ ಸೇರಿತು. ಎಡಿನ್‌ಬರೋದ ಗಿಡಕ್ಕೂ ಬೆಲೆ ಬಂದದ್ದು ತಡವಾಗಿ. ಇಂದು ಅದರ ಒಂದು ತಳಿ 'ಚಾರ್ಲ್ಸ್ ಲ್ಯಾಮಾಂಟ್' ಎಂದೇ ಮಾರಾಟವಾಗುತ್ತದೆ, ಸೊಸೈಟಿಯ ಮನ್ನಣೆಯೂ ಅದಕ್ಕಿದೆ.

'ಡಾನ್' ಬೆಳೆಸಿದವರು ಗಮನಿಸುವ ಒಂದು ಕೊರತೆ ಉಂಟು: ಹೂ ಧಾರಾಳ, ಹಣ್ಣು ಅಪರೂಪ. ಸಂಕರ ಗಿಡವಾದದ್ದೂ ಒಂದು ಕಾರಣವಿರಬಹುದು. ಆದರೆ ವೈಬರ್ನಮ್ ಜಾತಿಯ ಸ್ವಭಾವವೇ ಹಾಗೆ. ಹೆಚ್ಚಿನವುಗಳಲ್ಲಿ ತನ್ನ ಪರಾಗ ತನಗೇ ಆಗಿಬರುವುದಿಲ್ಲ, ಹಣ್ಣು ಕಚ್ಚಲು ಬೇರೆ ವಂಶದ ಸಂಗಾತಿ ಬೇಕು. ಕಡ್ಡಿ ನೆಟ್ಟು ಬೆಳೆಸಿದ ಗಿಡಗಳೆಲ್ಲ ಒಂದೇ ಗಿಡದ ಪ್ರತಿಗಳು; ಹತ್ತು ನೆಟ್ಟರೂ ಲೆಕ್ಕಕ್ಕೆ ಒಂದೇ. ಆದ್ದರಿಂದ ಹಣ್ಣಿಗಾಗಿ ವೈಬರ್ನಮ್ ನೆಡುವವರು ಒಂದೇ ಪ್ರಭೇದದ, ಏಕಕಾಲಕ್ಕೆ ಹೂ ಬಿಡುವ, ಬೇರೆ ಬೇರೆ ಮೂಲದ ಎರಡು ಗಿಡ ಹತ್ತಿರ ಹತ್ತಿರ ಹಾಕುತ್ತಾರೆ. ನೀರು ನಿಲ್ಲದ, ಆದರೆ ತೇವ ಆರದ ಮಣ್ಣು ಸಾಕು. ಹೂ ಮುಗಿದ ಮೇಲೆ ಮುದಿ ಕಾಂಡಗಳನ್ನು ಬುಡದಿಂದ ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ.

ಮುಂಬೈ, ಚೆನ್ನೈ, ಹೈದರಾಬಾದಿನ ಬಿಸಿಲಿಗೆ 'ಡಾನ್' ತಾಳದು. ಹಾಗೆಂದು ಈ ಕುಲ ನಮಗೆ ಹೊರಗಿನದಲ್ಲ. ನೀಲಗಿರಿಯ ಶೋಲಾ ಕಾಡುಗಳಲ್ಲಿ, ಪಶ್ಚಿಮ ಘಟ್ಟದ ಮೇಲುಭಾಗದಲ್ಲಿ ಇದರ ಬಂಧುಗಳು ಬಿಳಿ ಗೊಂಚಲು ಬಿಟ್ಟುಕೊಂಡು ನಿಂತಿವೆ. ದೆಹಲಿಯವರು ಚಳಿ ಇಳಿಯುವ ಹೊತ್ತಿಗೆ ಹಿಮಾಚಲದ ಎತ್ತರಕ್ಕೆ ಹೋದರೆ ಎಲೆ ಬರುವ ಮೊದಲೇ ಹೂವಾದ ಒಂದು ಪೊದೆಯನ್ನು ಹುಡುಕಿ ನೋಡಬಹುದು. ಬಾಡ್ನಂಟಿನ ಪರಿಮಳದ ಅರ್ಧಪಾಲು ಅದರದ್ದೇ.