ಮ್ಯಾಂಚೆಸ್ಟರ್ ನಗರದ ಕಿರುಮಂದಿರಗಳು

ಭರತಮುನಿಯು ನಾಟ್ಯಶಾಸ್ತ್ರದ ದ್ವಿತೀಯಾಧ್ಯಾಯದಲ್ಲಿ ಪ್ರೇಕ್ಷಾಗೃಹದ ಲಕ್ಷಣವನ್ನು ನಿರೂಪಿಸುತ್ತ ಜ್ಯೇಷ್ಠ, ಮಧ್ಯಮ, ಅವರ ಎಂಬ ಮೂರು ಪ್ರಮಾಣಗಳನ್ನು ಹೇಳಿರುವನು. ೧೦೮ ಹಸ್ತದ ಜ್ಯೇಷ್ಠಮಂಟಪವು ದೇವತೆಗಳಿಗೆ. ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲವೇ ಸಾಕು, ಅದನ್ನು ಮೀರಕೂಡದು ಎಂಬುದು ಆತನ ವಿಧಿ. ಕಾರಣವನ್ನೂ ಆತನೇ ಕೊಟ್ಟಿರುವನು: ಮಂಟಪವು ಅತಿಯಾಗಿ ದೊಡ್ಡದಾದರೆ ಪಾಠ್ಯವು ವಿಸ್ವರವಾಗುವುದು, ನಟನ ಮುಖದಲ್ಲಿ ತೋರುವ ಭಾವವು ದೂರದಲ್ಲಿ ಕುಳಿತವನಿಗೆ ಅಸ್ಪಷ್ಟವಾಗುವುದು. ಹಸ್ತವನ್ನು ಒಂದೂವರೆ ಅಡಿಯೆಂದು ಎಣಿಸಿದರೆ ಈ ಮಂಟಪದ ಉದ್ದವು ೯೬ ಅಡಿ. ಅದರಲ್ಲಿ ಅರ್ಧವು ರಂಗಕ್ಕೂ ನೇಪಥ್ಯಕ್ಕೂ ಸಲ್ಲುವುದು. ಎಂದರೆ ಕಟ್ಟಕಡೆಯ ಪ್ರೇಕ್ಷಕನಿಗೂ ರಂಗದ ಅಂಚಿಗೂ ನಡುವೆ ಐವತ್ತು ಅಡಿಗೆ ಮೀರಿದ ಅಂತರವಿರಲಾರದು.

ಭರತನ ಹೆಸರನ್ನು ಕೇಳದ ದೂರದ ದೇಶವೊಂದರಲ್ಲಿ ಈ ವಿಧಿಯು ಹೇಗೆ ಸತ್ಯವಾಗಿ ಕಂಡುಬಂದಿತೆಂಬುದು ಅರಿಯತಕ್ಕ ವಿಷಯವಾಗಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರವು ಒಂದಾನೊಂದು ಕಾಲದಲ್ಲಿ ತನ್ನ ಗಿರಣಿಯ ಬಟ್ಟೆಯಿಂದ ಹಿಂದೂಸ್ಥಾನದ ನೇಕಾರರ ಮನೆಮನೆಗೂ ಕಹಿಯಾಗಿ ಪರಿಚಿತವಾಗಿದ್ದಿತು. ಆ ಗಿರಣಿಗಳು ಮುಚ್ಚಿದ ಮೇಲೆ ಅದೇ ಊರು ಮತ್ತೊಂದು ಕಾರಣದಿಂದ ಹೆಸರುಗೊಂಡಿತು. ದೊಡ್ಡ ಧ್ವನಿಮುದ್ರಣ ಕಂಪೆನಿಗಳ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ, ತಾವೇ ತಟ್ಟೆಗಳಲ್ಲಿ ಮುದ್ರಿಸಿ, ವಾದ್ಯಗಳನ್ನು ಹೊತ್ತು ಊರೂರು ತಿರುಗುವ ಮೇಳಗಳಿಗೆ ಅಲ್ಲಿಯ ಜನರು ‘ಇಂಡೀ’ ಎನ್ನುವರು. ‘ಸ್ವತಂತ್ರ’ ಎಂಬರ್ಥದ ಇಂಗ್ಲಿಷ್ ಪದದ ಮೊಟಕು ರೂಪವದು. ಈ ಮೇಳಗಳ ಚರಿತ್ರೆಯಲ್ಲಿ ಮ್ಯಾಂಚೆಸ್ಟರಿನ ಕಿರುಮಂದಿರಗಳಿಗಿರುವ ಸ್ಥಾನವು ಅಸಾಧಾರಣವಾದುದು.

ಆ ನಗರದ ಪೀಟರ್ ಬೀದಿಯಲ್ಲಿ ‘ಫ್ರೀ ಟ್ರೇಡ್ ಹಾಲ್’ ಎಂಬ ಭವ್ಯಸೌಧವೊಂದುಂಟು. ೧೮೧೯ರಲ್ಲಿ ಮತದಾನದ ಹಕ್ಕನ್ನು ಕೇಳಲು ನೆರೆದಿದ್ದ ನಿರಾಯುಧ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ ಮೈದಾನವೇ ಅದರ ನಿವೇಶನ. ಧಾನ್ಯದ ಆಮದಿನ ಮೇಲಿದ್ದ ಶಾಸನಗಳು ೧೮೪೬ರಲ್ಲಿ ರದ್ದಾದುದರ ಸ್ಮಾರಕವಾಗಿ ಅದನ್ನು ೧೮೫೦ರ ದಶಕದಲ್ಲಿ ಕಟ್ಟಿದರು. ಹಾಲೆ ವಾದ್ಯವೃಂದವು ೧೮೫೮ರಲ್ಲಿ ಅಲ್ಲಿಯೇ ಜನ್ಮತಾಳಿತು. ೧೯೪೦ರಲ್ಲಿ ಜರ್ಮನರ ಬಾಂಬಿನಿಂದ ಸುಟ್ಟು, ೧೯೫೧ರಲ್ಲಿ ಮರಳಿ ತೆರೆದ ಈ ಸೌಧದಲ್ಲಿ ಮಹಾಸಭಾಂಗಣದ ಜತೆಗೆ ಚಿಕ್ಕದೊಂದು ಅಂಗಣವೂ ಇದ್ದಿತು. ದೊಡ್ಡ ಅಂಗಣದ ಚರಿತ್ರೆಯನ್ನು ಬರೆದವರು ಹಲವರು. ಆದರೆ ಚಿಕ್ಕ ಅಂಗಣದಲ್ಲಿ ನಡೆದ ಒಂದು ಸಂಜೆಯ ಫಲವು ಅದಕ್ಕಿಂತ ಕಡಿಮೆಯದಲ್ಲ.

ಆ ಸಂಜೆ ೧೯೭೬ನೆಯ ಇಸವಿ ಜೂನ್ ೪ನೆಯ ತಾರೀಖಿನದು. ಪಕ್ಕದ ಬೋಲ್ಟನ್ ಊರಿನ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಮುಂದೆ ಹೋವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ ಎಂದು ಪ್ರಸಿದ್ಧರಾದವರು, ಲಂಡನ್ನಿನ ಹೊಸದೊಂದು ಮೇಳದ ವಿಚಾರವನ್ನು ಪತ್ರಿಕೆಯಲ್ಲಿ ಓದಿ, ದಕ್ಷಿಣಕ್ಕೆ ಪಯಣಿಸಿ ಅದನ್ನು ಕೇಳಿ ಬಂದಿದ್ದರು. ಕೇಳಿ ಬಂದವರು ಸುಮ್ಮನಿರಲಾರದೆ ಚಿಕ್ಕ ಅಂಗಣವನ್ನು ಬಾಡಿಗೆಗೆ ಹಿಡಿದು ಆ ಮೇಳವನ್ನು ತಮ್ಮೂರಿಗೆ ಬರಮಾಡಿಕೊಂಡರು. ಮೇಳದ ಹೆಸರು ಸೆಕ್ಸ್ ಪಿಸ್ಟಲ್ಸ್. ಹೆಸರಿನ ಒರಟುತನವನ್ನು ವಾಚಕರು ಮನ್ನಿಸಬೇಕು; ಹಿರಿಯರ ಸಭ್ಯತೆಯನ್ನು ಕೆಣಕುವುದೇ ಆ ಹುಡುಗರ ಉದ್ದೇಶವಾಗಿದ್ದಿತು. ಟಿಕೀಟಿನ ಬೆಲೆ ೫೦ ಪೆನ್ಸು. ಬಂದವರು ಸುಮಾರು ನಾಲ್ವತ್ತು ಜನರು. ಮುಂದೆ ‘ನಾನೂ ಅಲ್ಲಿದ್ದೆ’ ಎಂದು ಹೇಳಿಕೊಂಡವರ ಸಂಖ್ಯೆಯು ಇದರ ಎಷ್ಟೋ ಪಾಲು ಹೆಚ್ಚಾಗಿ, ನಿಜವಾಗಿ ಬಂದಿದ್ದವರು ಯಾರೆಂಬುದನ್ನು ಶೋಧಿಸಲು ಡೇವಿಡ್ ನೋಲನ್ ಎಂಬ ಪತ್ರಕರ್ತನು ಒಂದು ಗ್ರಂಥವನ್ನೇ ಬರೆಯಬೇಕಾಯಿತು.

ಆ ನಾಲ್ವತ್ತು ಜನರಿಗೆ ಅಲ್ಲಿ ದೊರೆತುದೇನು? ಸಂಗೀತದ ನೈಪುಣ್ಯವಲ್ಲ. ಮೇಳದವರ ವಾದನವು ಒರಟಾಗಿಯೂ ಸರಳವಾಗಿಯೂ ಇದ್ದಿತು. ಆದರೆ ಕೆಲವೇ ಮೊಳಗಳ ದೂರದಲ್ಲಿ ತಮ್ಮ ವಯಸ್ಸಿನವರೇ, ತಮ್ಮಂತೆ ಬಡವರೇ, ನಿಂತು ಹಾಡುವುದನ್ನು ಕಂಡವರಿಗೆ ಒಂದು ಮಾತು ಹೊಳೆಯಿತು: ‘ಇದು ನಮ್ಮಿಂದಲೂ ಆಗತಕ್ಕ ಕೆಲಸ.’ ದೂರದ ಮಹಾರಂಗದ ಮೇಲೆ ದೀಪಗಳ ನಡುವೆ ಕಾಣುವ ಗಾಯಕನು ದೇವತೆಯಂತೆ ತೋರುವನು. ಅವನನ್ನು ಆರಾಧಿಸಬಹುದು, ಅನುಕರಿಸಲಾಗದು. ಬೆವರೊರಸಿಕೊಳ್ಳುತ್ತ ಕಡಿದ ತಂತಿಯನ್ನು ಕಣ್ಣೆದುರಿಗೇ ಕಟ್ಟಿಕೊಳ್ಳುವವನಾದರೋ ಮನುಷ್ಯನು. ಪೀಟರ್ ಹುಕ್ ಎಂಬ ತರುಣನು ಮರುದಿನವೇ ಹೋಗಿ ಮಂದ್ರಸ್ವರದ ಗಿಟಾರೊಂದನ್ನು ಕೊಂಡು ತಂದನು. ಅವನೂ ಅವನೊಡನೆ ಬಂದಿದ್ದ ಬರ್ನಾರ್ಡ್ ಸಮ್ನರನೂ ಕೂಡಿ ಕಟ್ಟಿದ ಮೇಳವೇ ಮುಂದೆ ಜಾಯ್ ಡಿವಿಷನ್ ಎಂದು ಹೆಸರಾಯಿತು. ಹದಿನೇಳು ತುಂಬಿ ಹದಿನೈದು ದಿನವೂ ಆಗದಿದ್ದ ಸ್ಟೀವನ್ ಮೊರಿಸ್ಸಿ ಆ ಗುಂಪಿನಲ್ಲಿದ್ದನು. ಆರು ವರ್ಷಗಳಾದಮೇಲೆ ಆತನು ದಿ ಸ್ಮಿತ್ಸ್ ಮೇಳದ ಗಾಯಕನಾದನು. ಜುಲೈ ೨೦ರಂದು ಲಂಡನ್ನಿನ ಮೇಳವು ಅದೇ ಅಂಗಣಕ್ಕೆ ಮತ್ತೆ ಬಂದಾಗ, ಕರೆಯಿಸಿದ್ದ ವಿದ್ಯಾರ್ಥಿಗಳು ತಾವೇ ಬಜ್‌ಕಾಕ್ಸ್ ಎಂಬ ಮೇಳವಾಗಿ ರಂಗವನ್ನೇರಿದರು. ಆರು ವಾರಗಳಲ್ಲಿ ಶ್ರೋತೃಗಳು ಗಾಯಕರಾಗಿದ್ದರು!

‘ಸ್ವತಂತ್ರ’ ಎಂಬ ವಿಶೇಷಣವು ಅನ್ವರ್ಥವಾದುದು ಇದರ ಬೆನ್ನಿಗೇ. ಬಜ್‌ಕಾಕ್ಸ್ ಮೇಳದವರು ಯಾವ ಕಂಪೆನಿಯ ಬಾಗಿಲನ್ನೂ ಕಾಯದೆ, ಬಂಧುಮಿತ್ರರಿಂದ ೫೦೦ ಪೌಂಡುಗಳಷ್ಟು ಸಾಲವೆತ್ತಿ, ೧೯೭೬ರ ಡಿಸೆಂಬರ್ ೨೮ರಂದು ನಾಲ್ಕು ಹಾಡುಗಳನ್ನು ಮುದ್ರಿಸಿದರು. ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಈ ತಟ್ಟೆಯು ೧೯೭೭ರ ಜನವರಿ ಕೊನೆಯಲ್ಲಿ ಹೊರಬಿದ್ದಿತು. ಮೊದಲು ಅಚ್ಚಾದುವು ೧,೦೦೦ ಪ್ರತಿಗಳು; ಬೇಡಿಕೆಯು ಬೆಳೆದು ಮುಂದೆ ಸುಮಾರು ೧೬,೦೦೦ ಪ್ರತಿಗಳು ವಿಕ್ರಯವಾದುವು. ಯಾವ ಹಾಡನ್ನು ಎಷ್ಟನೆಯ ಪ್ರಯತ್ನದಲ್ಲಿ ಮುದ್ರಿಸಿದರೆಂಬುದನ್ನೂ ಅದರ ಹೊದಿಕೆಯ ಮೇಲೆ ಅಚ್ಚುಹಾಕಿಸಿದ್ದರು. ವಿದ್ಯೆಯನ್ನು ಗುಟ್ಟಾಗಿಡದೆ, ‘ಹೀಗೆ ಮಾಡಿದೆವು, ನೀವೂ ಮಾಡಿರಿ’ ಎಂದು ದಾರಿ ತೋರಿದ ಔದಾರ್ಯವದು. ಆ ದಾರಿಯನ್ನು ಹಿಡಿದು ದೇಶದ ಹಲವು ಊರುಗಳ ತರುಣರು ನಡೆದರು.

ತಟ್ಟೆಯು ಹಾಡನ್ನು ಹರಡಬಲ್ಲುದು, ಮೇಳವನ್ನು ಪಳಗಿಸಲಾರದು. ಪಳಗಲು ವಾರವಾರವೂ ಜನರ ಮುಂದೆ ನಿಲ್ಲಬೇಕು, ತಪ್ಪಬೇಕು, ತಿದ್ದಿಕೊಳ್ಳಬೇಕು. ಈ ಪಾಠಶಾಲೆಯ ಕೆಲಸವನ್ನು ಮಾಡಿದುವು ಊರಿನ ಮೂಲೆಮೂಲೆಯಲ್ಲಿದ್ದ ಕಿರುಮಂದಿರಗಳು. ಕಾಲಿಹರ್ಸ್ಟ್ ಬಡಾವಣೆಯ ‘ಎಲೆಕ್ಟ್ರಿಕ್ ಸರ್ಕಸ್’ ಎಂಬಲ್ಲಿ ೧೯೭೭ರ ಮೇ ೨೯ರಂದು ಹುಕ್ ಮತ್ತು ಸಮ್ನರರು ಮೊದಲ ಬಾರಿಗೆ ರಂಗದ ಮೇಲೆ ಬಂದರು. ೧೯೭೮ರ ಮೇ ತಿಂಗಳಿನಲ್ಲಿ ಟೋನಿ ವಿಲ್ಸನ್, ಆಲನ್ ಎರಾಸ್ಮಸ್ ಎಂಬವರು ಹ್ಯೂಮ್ ಬಡಾವಣೆಯ ರಸ್ಸೆಲ್ ಕ್ಲಬ್ಬಿನಲ್ಲಿ ‘ಫ್ಯಾಕ್ಟರಿ’ ಎಂಬ ಹೆಸರಿನಿಂದ ಗಾನಗೋಷ್ಠಿಗಳನ್ನು ಏರ್ಪಡಿಸಿದರು. ಅದೇ ಹೆಸರಿನ ಧ್ವನಿಮುದ್ರಣ ಸಂಸ್ಥೆಯು ಆ ಗೋಷ್ಠಿಗಳಿಂದಲೇ ಮೊಳೆಯಿತು. ಲಾಭದಲ್ಲಿ ಅರ್ಧವು ಗಾಯಕರಿಗೆ, ಹಾಡಿನ ಒಡೆತನವೂ ಗಾಯಕರದೇ ಎಂಬುದು ಅದರ ನಿಯಮ. ಜಾಯ್ ಡಿವಿಷನ್ನಿನ ಮೊದಲ ದೀರ್ಘಮುದ್ರಿಕೆಯು ೧೯೭೯ರಲ್ಲಿ ಈ ಸಂಸ್ಥೆಯಿಂದ ಹೊರಟು ವಿದ್ವಜ್ಜನರ ಮನ್ನಣೆಯನ್ನು ಪಡೆಯಿತು. ೧೯೯೧ರ ಆಗಸ್ಟಿನಲ್ಲಿ ಓಯೇಸಿಸ್ ಮೇಳವು ಆ ಹೆಸರಿನಿಂದ ಮೊದಲು ಹಾಡಿದುದು ಲಿಟಲ್ ಪೀಟರ್ ಬೀದಿಯ ‘ಬೋರ್ಡ್‌ವಾಕ್’ ಎಂಬ ಕಿರುಮಂದಿರದಲ್ಲಿ. ಐದೇ ವರ್ಷಗಳಲ್ಲಿ ಆ ಮೇಳದ ಮುಂದೆ ಲಕ್ಷಾಧಿಕ ಜನರು ನೆರೆದರು.

ಇಂಥ ಮಂದಿರದೊಳಗಣ ಅನುಭವವನ್ನು ಕುರಿತು ಎರಡು ಮಾತು ಹೇಳುವುದು ಉಚಿತ. ಬಹುತೇಕವಾಗಿ ಅದು ಪಾನಗೃಹದ ನೆಲಮಾಳಿಗೆಯೋ, ಮಹಡಿಯ ಕೋಣೆಯೋ, ಹಳೆಯ ಉಗ್ರಾಣವೋ ಆಗಿರುವುದು. ಚಾವಣಿ ತಗ್ಗು, ಗೋಡೆಗಳಿಗೆ ಕಪ್ಪು ಬಣ್ಣ, ಕುಳಿತುಕೊಳ್ಳಲು ಆಸನಗಳಿಲ್ಲ. ರಂಗವು ಮೊಣಕಾಲೆತ್ತರ. ಮದ್ದಳೆಯ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುವುದು. ಹಾಡು ಮುಗಿದೊಡನೆ ಹಾಡಿದವನೇ ಇಳಿದು ಬಂದು ಬಾಗಿಲ ಬಳಿಯ ಮೇಜಿನ ಮೇಲೆ ತನ್ನ ಮುದ್ರಿಕೆಗಳನ್ನಿಟ್ಟು ಮಾರುವನು. ಕೊಂಡವನು ಅವನೊಡನೆ ಮಾತನಾಡುವನು. ಮಹಾಕ್ರೀಡಾಂಗಣದ ಸ್ಥಿತಿ ಬೇರೆ. ಶಬ್ದವು ಸೆಕೆಂಡಿಗೆ ಸುಮಾರು ೧,೧೦೦ ಅಡಿ ಚಲಿಸುವುದಾದುದರಿಂದ ೩೩೦ ಅಡಿ ದೂರದಲ್ಲಿ ನಿಂತವನಿಗೆ ರಂಗದ ನಾದವು ಸೆಕೆಂಡಿನ ಹತ್ತು ಭಾಗಗಳಲ್ಲಿ ಮೂರು ಭಾಗದಷ್ಟು ತಡವಾಗಿ ತಲಪುವುದು. ಕೈ ತಂತಿಯನ್ನು ಮೀಟಿದುದು ಕಣ್ಣಿಗೆ ಮೊದಲು, ಸ್ವರವು ಕಿವಿಗೆ ಆಮೇಲೆ. ಈ ಕೊರತೆಯನ್ನು ಮರೆಸಲು ದಾರಿಯ ನಡುವೆ ಧ್ವನಿವರ್ಧಕಗಳನ್ನೂ, ಮುಖವನ್ನು ತೋರಲು ಬೃಹತ್ತಾದ ತೆರೆಗಳನ್ನೂ ನಿಲ್ಲಿಸುವರು. ಭರತನು ಎಣಿಸಿದ ಎರಡು ದೋಷಗಳೂ ಇಲ್ಲಿ ಪ್ರತ್ಯಕ್ಷವಾಗಿವೆ.

ಹಾಗೆಂದು ಕಿರಿದೆಲ್ಲವೂ ಉತ್ತಮವೆಂದು ಹೇಳಿದರೆ ಅತಿವ್ಯಾಪ್ತಿಯಾಗುವುದು. ಕಿರುಮಂದಿರಗಳಲ್ಲಿ ಕೇಳಿಬರುವ ಹಾಡುಗಳಲ್ಲಿ ಹೆಚ್ಚಿನವು ಮರುದಿನಕ್ಕೆ ಮರೆತುಹೋಗತಕ್ಕವು. ಆದರೆ ಹೊಲದಲ್ಲಿ ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲವೆಂದು ಬಿತ್ತನೆಯನ್ನು ಬಿಡುವ ಒಕ್ಕಲಿಗನಿಲ್ಲ. ಸ್ವತಂತ್ರರ ಸಾಹಸಗಳು ಹಣದ ಲೆಕ್ಕದಲ್ಲಿ ಎಡವಿದುದೂ ನಿಜ. ಫ್ಯಾಕ್ಟರಿ ಸಂಸ್ಥೆಯು ೧೯೮೨ರ ಮೇ ೨೧ರಂದು ವಿಹಾರನೌಕೆಗಳ ಹಳೆಯ ಮಳಿಗೆಯೊಂದರಲ್ಲಿ ‘ಹಸಿಯೆಂಡಾ’ ಎಂಬ ವಿಶಾಲಮಂದಿರವನ್ನು ತೆರೆದು ಬಹುವಾಗಿ ನಷ್ಟಪಟ್ಟಿತು. ಸಂಸ್ಥೆಯು ೧೯೯೨ರಲ್ಲಿ ದಿವಾಳಿಯಾಯಿತು, ಮಂದಿರವು ೧೯೯೭ರಲ್ಲಿ ಮುಚ್ಚಿತು. ಕಟ್ಟಡವನ್ನು ಕೆಡವಿ ಅಲ್ಲಿ ವಾಸದ ಮನೆಗಳನ್ನು ಕಟ್ಟಿ, ಅವುಗಳಿಗೆ ಅದೇ ಹೆಸರನ್ನಿಟ್ಟರು. ಹಾಡು ಹೋಗಿ ಹೆಸರು ಮಾತ್ರ ಉಳಿಯಿತು.

ಇದು ಒಂದೇ ಮಂದಿರದ ಕಥೆಯಲ್ಲ. ಓಲ್ಡಮ್ ಬೀದಿಯಲ್ಲಿ ೧೯೯೧ರಲ್ಲಿ ತೆರೆದ ‘ನೈಟ್ ಅಂಡ್ ಡೇ’ ಎಂಬ ಕಾಫಿಗೃಹವು ಎಲ್ಬೋ ಮೊದಲಾದ ಮೇಳಗಳಿಗೆ ಆಶ್ರಯವಾಗಿದ್ದಿತು. ಪಕ್ಕದ ವಾಸದ ಮನೆಯಿಂದ ಬಂದ ಶಬ್ದದ ದೂರಿನ ಮೇಲೆ ನಗರಸಭೆಯು ೨೦೨೧ರಲ್ಲಿ ಅದಕ್ಕೆ ನೋಟೀಸು ಕೊಟ್ಟಿತು. ವ್ಯಾಜ್ಯವು ೨೦೨೪ರವರೆಗೆ ಎಳೆಯಿತು. ಮಂದಿರವು ಉಳಿಯಿತಾದರೂ ಅಪರಾತ್ರಿಯ ನಾದಕ್ಕೆ ಮಿತಿಯು ಬಿದ್ದಿತು. ನಿದ್ರೆಯನ್ನು ಬಯಸುವ ಗೃಹಸ್ಥನ ಪಕ್ಷದಲ್ಲಿಯೂ ನ್ಯಾಯವುಂಟು. ಹಾಡಿನ ನೆರೆಯಲ್ಲಿ ಮನೆಯನ್ನು ಕಟ್ಟಿ ಮಾರುವವನೇ ಶಬ್ದನಿವಾರಣೆಯ ಹೊಣೆಯನ್ನು ಹೊರಬೇಕೆಂಬ ತತ್ವವನ್ನು ೨೦೧೮ರಲ್ಲಿ ಇಂಗ್ಲೆಂಡಿನ ಸರಕಾರವು ತನ್ನ ಯೋಜನಾನೀತಿಯಲ್ಲಿ ಸೇರಿಸಿದುದು ಇಬ್ಬರ ಹಿತಕ್ಕಾಗಿಯೇ. ಆದರೆ ನೀತಿಯು ಬರುವ ಮೊದಲೇ ನಿಂತ ಗೋಡೆಗಳು ಬಹಳ. ಬ್ರಿಟನ್ನಿನ ಕಿರುಮಂದಿರಗಳ ಹಿತಕ್ಕಾಗಿ ೨೦೧೪ರಲ್ಲಿ ಸ್ಥಾಪಿತವಾದ ‘ಮ್ಯೂಸಿಕ್ ವೆನ್ಯೂ ಟ್ರಸ್ಟ್’ ಪ್ರಕಟಿಸಿದ ಲೆಕ್ಕದಂತೆ ೨೦೨೩ ಒಂದೇ ವರ್ಷದಲ್ಲಿ ೧೨೫ ಮಂದಿರಗಳು ಸಂಗೀತಕ್ಕೆ ಇಲ್ಲವಾದುವು. ಉಳಿದವುಗಳಿಗೆ ದೊರೆತ ಲಾಭವು ನೂರು ಪೌಂಡಿಗೆ ಅರ್ಧ ಪೌಂಡು.

ಇದರ ಮರುವರ್ಷವೇ, ೨೦೨೪ರ ಮೇ ತಿಂಗಳಿನಲ್ಲಿ, ಅದೇ ಮ್ಯಾಂಚೆಸ್ಟರಿನಲ್ಲಿ ೨೩,೫೦೦ ಜನರನ್ನು ಹಿಡಿಸುವ ‘ಕೋ-ಆಪ್ ಲೈವ್’ ಎಂಬ ಮಹಾಮಂದಿರವು ತೆರೆಯಿತು. ಅದರ ಪ್ರಾರಂಭೋತ್ಸವದಲ್ಲಿ ಹಾಡಿದವರು ಯಾರು? ಓಲ್ಡಮ್ ಬೀದಿಯ ಕಾಫಿಗೃಹದಲ್ಲಿ ಬೆಳೆದ ಎಲ್ಬೋ ಮೇಳದವರೇ! ದೊಡ್ಡ ಮಂದಿರದ ಸಿರಿಯು ಯಾವ ಊಟೆಯಿಂದ ಹರಿದು ಬಂದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ದೊಡ್ಡ ಮಂದಿರಗಳ ಟಿಕೀಟಿನಿಂದ ಒಂದು ಸಣ್ಣ ಪಾಲನ್ನು ಕಿರುಮಂದಿರಗಳಿಗೆ ಕೊಡಿಸಬೇಕೆಂದು ಪಾರ್ಲಿಮೆಂಟಿನ ಸಮಿತಿಯೊಂದು ಆ ತಿಂಗಳಿನಲ್ಲಿಯೇ ಸಲಹೆಮಾಡಿತು; ನವೆಂಬರಿನಲ್ಲಿ ಸರಕಾರವೂ, ಉದ್ಯಮಿಗಳು ಸ್ವೇಚ್ಛೆಯಿಂದ ಇದನ್ನು ನಡೆಸಲೆಂದು ಅನುಮೋದಿಸಿತು. ಕೆರೆಯ ನೀರನ್ನು ಉಂಡವರು ತೂಬಿನ ದುರಸ್ತಿಗೆ ಪಾಲು ಕೊಡುವುದು ಭಿಕ್ಷೆಯಲ್ಲ, ಧರ್ಮ.

ಫ್ರೀ ಟ್ರೇಡ್ ಹಾಲಿನಿಂದ ಹಾಲೆ ವಾದ್ಯವೃಂದವು ೧೯೯೬ರಲ್ಲಿ ಹೊಸ ಸೌಧಕ್ಕೆ ಹೊರಟುಹೋಯಿತು. ಹಳೆಯ ಸೌಧವು ಈಗ ಪ್ರವಾಸಿಗಳ ವಸತಿಗೃಹವಾಗಿದೆ. ಅದರ ಕಲ್ಲಿನ ಮುಖಮಂಟಪ ಉಳಿದಿದೆ. ಐವತ್ತು ಪೆನ್ಸು ಕೊಟ್ಟು ನಾಲ್ವತ್ತು ಜನರು ನಿಂತಿದ್ದ ಅಂಗಣವಿಲ್ಲ. ಅಂದು ಬಾಗಿಲಲ್ಲಿ ಸೇರಿದ ಹಣವೆಲ್ಲವೂ ಕೂಡಿದರೆ ಇಪ್ಪತ್ತು ಪೌಂಡುಗಳ ಆಸುಪಾಸು. ಆ ಇಪ್ಪತ್ತು ಪೌಂಡುಗಳಿಂದ ಒಂದು ನಗರವು ತನ್ನ ಕಂಠವನ್ನು ಪಡೆಯಿತು. ಇಂದು ಯಾವ ಬೀದಿಯ ಯಾವ ನೆಲಮಾಳಿಗೆಯಲ್ಲಿ, ಯಾರ ಮುಂದೆ, ಅಂಥ ಸಂಜೆಯೊಂದು ನಡೆಯುತ್ತಿದೆಯೋ ಹೇಳಬಲ್ಲವರಿಲ್ಲ. ಆದುದರಿಂದಲೇ ಯಾವ ಬಾಗಿಲನ್ನು ಮುಚ್ಚಿದರೆ ನಷ್ಟವಿಲ್ಲವೆಂಬುದನ್ನೂ ಮುಂದಾಗಿ ಹೇಳಬಲ್ಲವರಿಲ್ಲ.