ಸುಂಕದ ಕಟ್ಟೆಯೂ ಮನೆಗೆ ಬರುವ ಗಂಟೂ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯು ಕನ್ನಡನಾಡಿನಲ್ಲಿ ಆಬಾಲವೃದ್ಧರಿಗೂ ಪರಿಚಿತವಾದುದು. ಬೆಂಗಳೂರಿನ ಮಾಗಡಿಯ ದಾರಿಯಲ್ಲಿ ಸುಂಕದಕಟ್ಟೆಯೆಂಬ ಸ್ಥಳವು ಇಂದಿಗೂ ಆ ಹೆಸರಿನಿಂದಲೇ ಕರೆಯಲ್ಪಡುತ್ತಿದೆ. ಗಂಟುಮೂಟೆಗಳನ್ನು ಬಿಚ್ಚಿಸಿ ನೋಡುವ ಅಧಿಕಾರಿಗಳು ಮಾತ್ರ ಈಗ ಬಂದರುಗಳಿಗೂ ವಿಮಾನ ನಿಲ್ದಾಣಗಳಿಗೂ ಸೇರಿದ್ದಾರೆ. ಪರದೇಶದಿಂದ ಊರಿಗೆ ಮರಳುವ ಮಗನು ತಂಗಿಯ ಮದುವೆಗೆಂದು ತಂದ ಸರವನ್ನು ಅವರ ಮುಂದಿಟ್ಟು, ಇದು ಮಾರಾಟದ ಸರಕಲ್ಲವೆಂದು ಬಗೆಬಗೆಯಾಗಿ ಹೇಳಿಕೊಳ್ಳುವಾಗ ಹೊರಗೆ ಕಾದಿರುವ ಮನೆಯವರಿಗೆ ನೆನಪಾಗುವುದು ಈ ಗಾದೆಯೇ. ಆದರೆ ಸುಂಕದ ಶಾಸ್ತ್ರವು ಹುಟ್ಟಿದಂದಿನಿಂದಲೂ ಹೀಗೆಯೇ ಕಿವುಡಾಗಿತ್ತೇ ಎಂಬುದು ವಿಚಾರಾರ್ಹವಾದ ವಿಷಯ.

ಇದಕ್ಕೆ ಮೊದಲನೆಯ ಪ್ರಮಾಣವು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಹೆಸರು ಮಾತ್ರವಾಗಿ ಉಳಿದಿದ್ದ ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಬಂದ ಓಲೆಯ ಪ್ರತಿಯಿಂದ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದವರು ಪಂಡಿತ ರುದ್ರಪಟ್ಟಣ ಶಾಮಶಾಸ್ತ್ರಿಗಳು. ಅಧ್ಯಕ್ಷಪ್ರಚಾರವೆಂಬ ಅದರ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳಿದೆ. ಪಟ್ಟಣದ ಮಹಾದ್ವಾರದ ಸಮೀಪದಲ್ಲಿ, ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿ, ಧ್ವಜದ ಗುರುತಿನೊಡನೆ ಶುಲ್ಕಶಾಲೆಯು ಇರತಕ್ಕದ್ದು. ಅಲ್ಲಿ ನಾಲ್ಕೈದು ಮಂದಿ ಕುಳಿತು ಬಂದವರಾರು, ಎಲ್ಲಿಂದ ಬಂದರು, ತಂದ ಸರಕೆಷ್ಟು, ಮೊದಲ ಮುದ್ರೆಯನ್ನು ಎಲ್ಲಿ ಹಾಕಿಸಿಕೊಂಡರು ಎಂದು ಬರೆದುಕೊಳ್ಳತಕ್ಕದ್ದು. ಮುದ್ರೆಯಿಲ್ಲದ ಸರಕಿಗೆ ಸುಂಕವು ಎರಡು ಪಟ್ಟು. ಕಳ್ಳಮುದ್ರೆಯಾದರೆ ಎಂಟು ಪಟ್ಟು. ಹೊರಗಿನಿಂದ ಬರುವ ವಸ್ತುವಿಗೆ ಸಾಮಾನ್ಯವಾಗಿ ಬೆಲೆಯ ಐದನೆಯ ಒಂದು ಭಾಗವನ್ನು ವಿಧಿಸಿದೆ. ಗಡಿಯನ್ನು ಕಾಯುವ ಅಂತಪಾಲನು ಹೆಗಲ ಮೇಲೆ ಹೊತ್ತು ತಂದ ಹೊರೆಗೂ ಒಂದು ಮಾಷವನ್ನು ತೆಗೆದುಕೊಳ್ಳುವನು. ವ್ಯಾಪಾರಿಯ ವೇಷದ ಗೂಢಚಾರನು ಮುಂಚಿತವಾಗಿಯೇ ಸರಕಿನ ಪ್ರಮಾಣವನ್ನು ಅರಸನಿಗೆ ತಿಳಿಸುವುದು, ಅರಸನು ಅದನ್ನು ತಾನೇ ಬಲ್ಲವನಂತೆ ಅಧ್ಯಕ್ಷನಿಗೆ ಹೇಳಿ ಸರ್ವಜ್ಞನೆನಿಸಿಕೊಳ್ಳುವುದು, ಈ ತಂತ್ರವನ್ನೂ ಆಚಾರ್ಯನು ಬಿಟ್ಟಿಲ್ಲ.

ಇಷ್ಟು ಬಿಗಿಯಾದ ಶಾಸ್ತ್ರವು ಒಂದು ಕಡೆ ಮಾತ್ರ ಕೈಯನ್ನು ಸಡಿಲಿಸುತ್ತದೆ. ವಿವಾಹಕ್ಕೆ ಬೇಕಾದ ಸಾಮಗ್ರಿ, ಮದುವಣಗಿತ್ತಿಯೊಡನೆ ಹೋಗುವ ವಸ್ತು, ಕಾಣಿಕೆಯಾಗಿ ಒಯ್ಯುವುದು, ಯಜ್ಞಕ್ಕೂ ಹೆರಿಗೆಗೂ ಸಂಬಂಧಿಸಿದುದು, ದೇವಪೂಜೆ, ಚೌಲ, ಉಪನಯನ, ವ್ರತದೀಕ್ಷೆ ಮೊದಲಾದ ಕ್ರಿಯೆಗಳಿಗೆ ಆವಶ್ಯಕವಾದುದು, ಇವೆಲ್ಲವೂ ಸುಂಕವಿಲ್ಲದೆ ಹೋಗತಕ್ಕವು. ಅಂದರೆ ಸುಖವಾರ್ತೆಯನ್ನು ಸುಂಕದವನು ಕೇಳಲೇಬೇಕೆಂಬುದು ಶಾಸ್ತ್ರದ ಅಭಿಪ್ರಾಯ. ಕೇಳಿದ ಮಾತು ಸುಳ್ಳಾದರೆ ಹೇಳಿದವನಿಗೆ ಕಳ್ಳನ ದಂಡ. ಇಲ್ಲಿ ಬೆಲೆಯ ಮಿತಿಯಿಲ್ಲ, ತೂಕದ ಮಿತಿಯಿಲ್ಲ. ವಸ್ತುವಿನ ಪ್ರಯೋಜನವೂ ಹೇಳುವವನ ಸತ್ಯವೂ ಎರಡೇ ನಿರ್ಣಾಯಕ. ಸುಂಕದ ಕಟ್ಟೆಯನ್ನು ತಪ್ಪಿಸಿ ಹೋದವನಿಗೆ ಎಂಟು ಪಟ್ಟನ್ನು ವಿಧಿಸುವ ಮನುವೂ ಹೊಳೆ ದಾಟುವ ಗರ್ಭಿಣಿಗೂ ಸಂನ್ಯಾಸಿಗೂ ದೋಣಿಯ ತೆರಿಗೆಯನ್ನು ಬಿಟ್ಟಿರುವನು.

ಹಾಗಾದರೆ ಗಾದೆಯು ಎಲ್ಲಿಂದ ಬಂದಿತು? ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಹೇರಳವಾಗಿವೆ. ಸುಂಕದ ಹೆಗ್ಗಡೆಗಳು ತಮಗೆ ಬರುವ ಆಯದಲ್ಲಿ ಒಂದಂಶವನ್ನು ದೇವಾಲಯದ ನಂದಾದೀವಿಗೆಗೆ ಬಿಟ್ಟುದೂ ಕಂಡುಬರುತ್ತದೆ. ಅವರನ್ನು ನಿಷ್ಕರುಣಿಗಳೆಂದು ಹೇಳಲು ಆಧಾರವಿಲ್ಲ. ವಿಜಯನಗರದ ಕಾಲಕ್ಕೆ ಬಂದರೆ ಚಿತ್ರವು ಬೇರೆಯಾಗುತ್ತದೆ. ಅಚ್ಯುತರಾಯನ ಆಳ್ವಿಕೆಯಲ್ಲಿ ಅಲ್ಲಿದ್ದ ಪೋರ್ತುಗೀಸ್ ಕುದುರೆವ್ಯಾಪಾರಿ ನೂನಿಜನು, ರಾಜಧಾನಿಗೆ ಸರಕು ಬರುವ ಒಂದು ಬಾಗಿಲನ್ನು ವರ್ಷಕ್ಕೆ 12,000 ಪರದಾಗಳಿಗೆ ಗುತ್ತಿಗೆ ಕೊಡುತ್ತಿದ್ದರೆಂದೂ, ಗುತ್ತಿಗೆದಾರರು ಕೇಳಿದಷ್ಟನ್ನು ಕೊಡದೆ ನಾಡವನಾಗಲಿ ಪರದೇಶಿಯಾಗಲಿ ಒಳಗೆ ಕಾಲಿಡುವಂತಿರಲಿಲ್ಲವೆಂದೂ ಬರೆದಿದ್ದಾನೆ. ದಿನಕ್ಕೆ 2,000 ಹೇರೆತ್ತುಗಳು ಬರುತ್ತಿದ್ದುವಂತೆ. ಕೊಂಬಿಲ್ಲದ ಎತ್ತುಗಳಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲವಂತೆ. ಬೋಳೆತ್ತಿಗೆ ದೊರೆತ ದಯೆಯು ಬಡವನ ತಲೆಹೊರೆಗೆ ದೊರೆಯಲಿಲ್ಲ. ಮುಂಗಡವಾಗಿ ಮೊತ್ತವನ್ನು ಒಪ್ಪಿಕೊಂಡ ಗುತ್ತಿಗೆದಾರನಿಗೆ, ಬಿಟ್ಟ ಪ್ರತಿಯೊಂದು ಕಾಸೂ ತನ್ನ ನಷ್ಟವೇ. ಗಾದೆಯಲ್ಲಿ ಕುಳಿತಿರುವ ಸುಂಕದವನು ಶುಲ್ಕಾಧ್ಯಕ್ಷನಲ್ಲ, ಈ ಗುತ್ತಿಗೆದಾರನೇ ಎಂದು ಊಹಿಸಿದರೆ ತಪ್ಪಾಗಲಾರದು.

ಇಂಗ್ಲಿಷರ ಆಳ್ವಿಕೆಯಲ್ಲಿ ಒಳನಾಡಿನ ಸುಂಕದ ಕಟ್ಟೆಗಳು ಕ್ರಮವಾಗಿ ಕಡಿಮೆಯಾಗಿ, ಸುಂಕವು ಸಮುದ್ರದ ದಡಕ್ಕೆ ಸರಿಯಿತು. 1878ರ ಸಮುದ್ರ ಸುಂಕದ ಕಾನೂನು ಸ್ವಾತಂತ್ರ್ಯದ ನಂತರವೂ ನಡೆದುಬಂದಿತು. ಅದರ ಸ್ಥಾನಕ್ಕೆ ಬಂದ 1962ರ ಸುಂಕ ಅಧಿನಿಯಮದಲ್ಲಿ ಪ್ರಯಾಣಿಕರ ಸಾಮಾನುಗಳಿಗೆ ಪ್ರತ್ಯೇಕ ಅಧ್ಯಾಯವೇ ಇದೆ. ಅದರ 77ನೆಯ ಕಲಮಿನಂತೆ ಸಾಮಾನಿನ ಒಡೆಯನು ತಾನು ತಂದುದೇನೆಂದು ತಾನೇ ಹೇಳತಕ್ಕದ್ದು; 79ನೆಯ ಕಲಮಿನಂತೆ ಉಪಯೋಗಿಸಿದ ವಸ್ತು, ತನಗೂ ಕುಟುಂಬಕ್ಕೂ ಬೇಕಾದ ವಸ್ತು, ಪ್ರಾಮಾಣಿಕವಾದ ಕಾಣಿಕೆ, ನೆನಪಿನ ವಸ್ತು, ಇವುಗಳನ್ನು ನಿಯಮಿತ ಮಿತಿಯೊಳಗೆ ಸುಂಕವಿಲ್ಲದೆ ಬಿಡಬಹುದು. ನಿಜವನ್ನು ಹೇಳಿದವನು, ಸುಂಕ ಬೀಳುವ ವಸ್ತುವನ್ನು ಅಧಿಕಾರಿಯ ವಶದಲ್ಲಿರಿಸಿ ದೇಶವನ್ನು ಬಿಡುವಾಗ ಹಿಂದಕ್ಕೆ ಪಡೆಯುವುದಕ್ಕೂ 80ನೆಯ ಕಲಮು ಅವಕಾಶ ಕೊಟ್ಟಿದೆ. ಅರ್ಥಶಾಸ್ತ್ರವನ್ನು ಓದಿದವರಿಗೆ ಇದು ಹೊಸದೆನಿಸದು.

ಚಿನ್ನದ ಮಾತು ಬೇರೆ. 1947ರ ವಿದೇಶೀ ವಿನಿಮಯದ ಕಾನೂನಿನಿಂದ ಅದರ ಆಮದಿಗೆ ತಡೆ ಬಿದ್ದಿತು. ಹಿಡಿದ ಚಿನ್ನವು ಕಳ್ಳಸಾಗಣೆಯದಲ್ಲವೆಂದು ಸಾಧಿಸುವ ಭಾರವನ್ನು 1955ರಲ್ಲಿ ಅದು ಯಾರಿಂದ ಹಿಡಿಯಲ್ಪಟ್ಟಿತೋ ಅವರ ಮೇಲೆಯೇ ಹೊರಿಸಲಾಯಿತು. 1963ರಲ್ಲಿ ಹೊಸ ಒಡವೆಗಳು 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾಗಿರಕೂಡದೆಂದು ವಿಧಿಸಿದಾಗ ಅಕ್ಕಸಾಲಿಗರ ಮನೆಗಳಲ್ಲಿ ಒಲೆಯಾರಿತು. ಅದರ ಹಿಂದೆಯೇ ಬಂದ 1968ರ ಸ್ವರ್ಣ ನಿಯಂತ್ರಣದ ಕಾನೂನು 1990ರಲ್ಲಿ ರದ್ದಾಯಿತು. ಪರದೇಶದಲ್ಲಿದ್ದು ಮರಳುವವರು ಸುಂಕವನ್ನು ತೆತ್ತು 5 ಕಿಲೋಗ್ರಾಂವರೆಗೆ ಚಿನ್ನವನ್ನು ತರಬಹುದೆಂದು 1992ರಲ್ಲಿ ಅನುಮತಿಯಾಯಿತು. ಈ ಮಧ್ಯಕಾಲದಲ್ಲಿಯೇ ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ಅಸಂಖ್ಯ ಯುವಕರು ಅರಬ್ಬರ ನಾಡುಗಳಿಗೆ ದುಡಿಯಲು ಹೋದರು. ಬಜ್ಪೆಯ ನಿಲ್ದಾಣವು 1951ರಲ್ಲಿಯೇ ತೆರೆದಿದ್ದರೂ ಅಲ್ಲಿಂದ ದುಬೈಗೆ ನೇರವಾದ ವಿಮಾನವು ಬಂದದ್ದು 2006ರಲ್ಲಿ. ಅದಕ್ಕೆ ಮುಂಚೆ ಬಹುಮಂದಿ ಮುಂಬಯಿಯಲ್ಲಿಳಿದು, ಅಲ್ಲಿಯ ಸುಂಕದವರಿಗೆ ಪೆಟ್ಟಿಗೆಗಳನ್ನು ಬಿಚ್ಚಿ ತೋರಿಸಿ, ಮತ್ತೆ ಕಟ್ಟಿಕೊಂಡು ಊರಿನ ಬಸ್ಸನ್ನು ಹತ್ತಬೇಕಾಗಿತ್ತು.

2016ರ ಸಾಮಾನು ನಿಯಮಗಳು ಸಾಮಾನ್ಯವಾದ ವಿನಾಯಿತಿಯನ್ನು 50,000 ರೂಪಾಯಿಗಳೆಂದು ಗೊತ್ತು ಮಾಡಿದುವು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದ ಪುರುಷನು 20 ಗ್ರಾಂ, ಸ್ತ್ರೀಯು 40 ಗ್ರಾಂ ಒಡವೆಯನ್ನು ಸುಂಕವಿಲ್ಲದೆ ತರಬಹುದೆಂದಿದ್ದುವು. ಆದರೆ ಬೆಲೆಯು ಕ್ರಮವಾಗಿ 50,000ವನ್ನೂ ಒಂದು ಲಕ್ಷವನ್ನೂ ಮೀರಕೂಡದೆಂದಿತ್ತು. ಗಟ್ಟಿ ಚಿನ್ನಕ್ಕೆ ಈ ವಿನಾಯಿತಿ ಸಲ್ಲದು. ತೂಕ, ಬೆಲೆ ಎಂಬ ಎರಡು ಕಟ್ಟುಗಳಲ್ಲಿ ಒಂದು ನಿಂತಲ್ಲಿಯೇ ನಿಂತಿತು, ಪೇಟೆಯ ಧಾರಣೆ ಓಡಿತು. 2024ರಲ್ಲಿ 10 ಗ್ರಾಂ ಚಿನ್ನದ ಧಾರಣೆಯು 70,000 ರೂಪಾಯಿಗಳನ್ನು ದಾಟಿದಾಗ, 50,000ಕ್ಕೆ ಬರುವ ಒಡವೆಯು ಎಂಟು ಗ್ರಾಂ ಸಹ ತುಂಬದಾಯಿತು. ಕಾಗದದಲ್ಲಿ 20 ಇತ್ತು. ತಪ್ಪು ಹೇಳದವನೂ, ಕಳವು ಮಾಡದವನೂ, ತೂಕವನ್ನು ನೋಡಿಕೊಂಡೇ ಕೊಂಡವನೂ ಬೆಲೆಯ ಲೆಕ್ಕದಲ್ಲಿ ಸಿಕ್ಕಿಬಿದ್ದುದು ನ್ಯಾಯವೆನಿಸಿಕೊಳ್ಳಲಾರದು. ಪ್ರಯೋಜನವನ್ನು ಕೇಳುವ ಹಳೆಯ ಪದ್ಧತಿಯಲ್ಲಿ ಈ ತೊಡಕಿಗೆ ಎಡೆಯಿರಲಿಲ್ಲ. ಅಧಿಕಾರಿಯ ಇಷ್ಟಾನಿಷ್ಟಕ್ಕೆ ಎಡೆಯಿತ್ತೆಂಬುದನ್ನೂ ಒಪ್ಪಬೇಕು.

1998ರ ನಿಯಮಗಳ ಕಾಲದ ಒಂದು ವಿವಾದದಲ್ಲಿ, ಪ್ರವಾಸಿಯ ಸ್ವಂತ ಆಭರಣಗಳೂ ಆತನ ಸ್ವಂತ ಸಾಮಾನುಗಳಲ್ಲಿ ಸೇರತಕ್ಕವೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿತು. ಇಲ್ಲಿಂದ ಒಡವೆ ತೊಟ್ಟು ಹೋಗುವವರಿಗೆ ಇನ್ನೊಂದು ಉಪಾಯವುಂಟು. ಹೊರಡುವ ದಿನವೇ ನಿಲ್ದಾಣದ ಸುಂಕದ ಅಧಿಕಾರಿಗೆ ಅವುಗಳನ್ನು ತೋರಿಸಿ ರಫ್ತಿನ ಪ್ರಮಾಣಪತ್ರವನ್ನು ಬರೆಯಿಸಿಕೊಂಡರೆ, ಮರಳಿ ಬರುವಾಗ ಅದೇ ಒಡವೆಯೆಂದು ತೋರಿಸಲು ಅದು ಸಾಧನವಾಗುತ್ತದೆ. ಮೊದಲ ಮುದ್ರೆಯನ್ನು ಎಲ್ಲಿ ಹಾಕಿಸಿಕೊಂಡಿರೆಂಬ ಶುಲ್ಕಶಾಲೆಯವರ ಪ್ರಶ್ನೆಗೆ ಆಗ ಕೈಯಲ್ಲಿಯೇ ಉತ್ತರವಿರುವುದು. ಗಂಡನೊಡನೆ ಪರದೇಶಕ್ಕೆ ಹೊರಡುವ ಮಗಳ ಪೆಟ್ಟಿಗೆಯನ್ನು ಕಟ್ಟುವ ಹೊತ್ತಿನಲ್ಲಿ ಮನೆಯ ಹಿರಿಯರು ಇದನ್ನು ನೆನಪು ಮಾಡಬಹುದು.