ಏಕೀಕರಣದ ಮನವಿಪತ್ರಗಳೂ ನಮ್ಮ ಶಾಲೆಯ ಪ್ರಶ್ನೆಯೂ

ನವೆಂಬರ ತಿಂಗಳು ಬಂದೊಡನೆ ನಾವು ಭುವನೇಶ್ವರಿಯ ಚಿತ್ರಕ್ಕೆ ಹಾರ ಹಾಕಿ, ಏಕೀಕರಣಕ್ಕಾಗಿ ದುಡಿದ ಹಿರಿಯರನ್ನು ಸ್ಮರಿಸುತ್ತೇವೆ. ಅವರ ಭಾಷಣಗಳು ನಮಗೆ ನೆನಪಿವೆ. ಉಪವಾಸ ಸೆರೆವಾಸಗಳು ನೆನಪಿವೆ. ಆದರೆ ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡು ಅವರು ಸಿದ್ಧಪಡಿಸಿದ ಮನವಿಗಳನ್ನು ನೆನೆಯುವವರು ವಿರಳ. ಈ ಸಲ ಅವುಗಳ ಮಾತನ್ನೇ ಎತ್ತಿಕೊಂಡಿದ್ದೇವೆ. ಬೊರಿವಲಿಯ ಕನ್ನಡಿಗರಾದ ನಮ್ಮ ಮುಂದೆಯೂ ಸರಕಾರದ ಬಾಗಿಲು ತಟ್ಟಬೇಕಾದ ಒಂದು ಪ್ರಶ್ನೆ ಇದೆಯಾದ್ದರಿಂದ ಇದು ಬರಿಯ ಹಳೆಯ ಕಥೆಯಲ್ಲ.

ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿದ್ದವು. ಬಳ್ಳಾರಿ, ಮಂಗಳೂರುಗಳು ಮದರಾಸಿನಲ್ಲಿ. ರಾಯಚೂರು, ಗುಲ್ಬರ್ಗಾ, ಬೀದರಗಳು ನಿಜಾಮನ ರಾಜ್ಯದಲ್ಲಿ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ೧೯೧೭ರಲ್ಲಿ ಹೊರಬಿದ್ದು ಜನರಲ್ಲಿ ಅಭಿಮಾನವನ್ನು ಬಡಿದೆಬ್ಬಿಸಿತು. ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ವೇಳೆಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತೂ ನಡೆಯಿತು. ಅಭಿಮಾನಕ್ಕೇನೋ ಕೊರತೆಯಿರಲಿಲ್ಲ. ಆದರೆ ಪುಲಿಕೇಶಿಯ ಹೆಸರು ಹೇಳಿದ ಮಾತ್ರಕ್ಕೆ ಯಾವ ಸಮಿತಿಯೂ ಪ್ರಾಂತವೊಂದನ್ನು ಕಟ್ಟಿಕೊಡುವುದಿಲ್ಲವಷ್ಟೆ. ಹುಟ್ಟುವಳಿಯೆಷ್ಟು, ಖರ್ಚೆಷ್ಟು ಎಂಬ ಪ್ರಶ್ನೆ ಬಂದೇ ಬರುತ್ತದೆ.

೧೯೨೮ರಲ್ಲಿ ಮೋತಿಲಾಲ ನೆಹರೂ ಅವರ ಸಮಿತಿಯ ಮುಂದೆ ನಮ್ಮ ಏಕೀಕರಣ ಸಂಘದವರೂ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ಸಿನವರೂ ತಮ್ಮ ವಾದವನ್ನು ಮಂಡಿಸಿದರು. ಸಮಿತಿ ತನ್ನ ವರದಿಯಲ್ಲಿ ಅದನ್ನು ಮನಸಾರೆ ಮೆಚ್ಚಿಕೊಂಡಿದೆ. ಚರಿತ್ರೆ, ಸಂಸ್ಕೃತಿ, ಅಂಕಿಸಂಖ್ಯೆ ಮೂರನ್ನೂ ತುಂಬಿ ವಾದವನ್ನು ಸಮರ್ಥವಾಗಿ ಸಿದ್ಧಪಡಿಸಲಾಗಿತ್ತೆಂದೂ, ತಾನು ಕೇಳಿದ ಪ್ರಶ್ನೆಗಳಿಗೆಲ್ಲ ಸಮರ್ಪಕವಾದ ಉತ್ತರ ದೊರೆಯಿತೆಂದೂ, ಬ್ರಿಟಿಷ್ ಕರ್ನಾಟಕದ ಆದಾಯದಲ್ಲಿ ಉಳಿತಾಯವೇ ಇದೆಯೆಂದೂ ಅದು ಬರೆಯಿತು. ಕರ್ನಾಟಕ ಪ್ರಾಂತದ ಬೇಡಿಕೆಗೆ ಮೇಲ್ನೋಟಕ್ಕೇ ಬಲವಾದ ಆಧಾರವಿದೆಯೆಂಬ ಅಭಿಪ್ರಾಯ ಕೊಟ್ಟಿತು. ಕೇಳಿದ ಪ್ರಶ್ನೆಗೆಲ್ಲ ಉತ್ತರವಿತ್ತು ಎಂಬ ಆ ಒಂದು ಮಾತು ನಮಗೆ ಹತ್ತು ಮೆರವಣಿಗೆಗಿಂತ ದೊಡ್ಡದಾಗಿ ಕಾಣುತ್ತದೆ.

ಮುಂದೆ ದರ್ ಆಯೋಗ ಅಡ್ಡಬಂದಿತು. ಪೊಟ್ಟಿ ಶ್ರೀರಾಮುಲು ಆಂಧ್ರಕ್ಕಾಗಿ ಪ್ರಾಣತೆತ್ತರು. ೧೯೫೩ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸಕ್ಕೆ ಕುಳಿತರು, ಹುಬ್ಬಳ್ಳಿ ಹೊತ್ತಿಕೊಂಡಿತು. ಆ ತ್ಯಾಗವಿಲ್ಲದೆ ದಿಲ್ಲಿ ಕಣ್ಣು ತೆರೆಯುತ್ತಿರಲಿಲ್ಲ. ಆದರೆ ಅದೇ ವರ್ಷ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿ ಆಯೋಗದ ಅನುಭವವನ್ನು ನೋಡಿರಿ. ಅದು ೧೦೪ ಊರುಗಳಿಗೆ ಹೋಯಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿತು. ಅದಕ್ಕೆ ದೇಶದ ಮೂಲೆಮೂಲೆಗಳಿಂದ ಬಂದ ಕಾಗದಗಳು ೧,೫೨,೨೫೦. ಇವುಗಳಲ್ಲಿ ಬಹುಪಾಲು ತಂತಿಗಳು, ಅಚ್ಚುಹಾಕಿಸಿದ ಠರಾವುಗಳು. ವಿಚಾರಮಾಡಿ ಬರೆದ ಮನವಿಗಳು ಸುಮಾರು ಎರಡು ಸಾವಿರವನ್ನು ಮೀರಲಿಲ್ಲವೆಂದು ಆಯೋಗವೇ ಹೇಳಿದೆ!

ಒಳ್ಳೆಯ ಮನವಿಗೆಲ್ಲ ಜಯ ಸಿಕ್ಕಿತೆಂದು ಹೇಳಲಾರೆವು. ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗ ಒಪ್ಪಿತಾದರೂ ಅದು ಕಾಗದದಲ್ಲಿಯೇ ಉಳಿಯಿತು.

ಇನ್ನು ನಮ್ಮ ಊರಿನ ಮಾತು. ಕನ್ನಡನಾಡು ೧೯೫೬ರ ನವೆಂಬರ ೧ರಂದು ಒಂದಾಯಿತು. ಮೂರೇ ತಿಂಗಳಲ್ಲಿ, ೧೯೫೭ರ ಫೆಬ್ರುವರಿಯಲ್ಲಿ, ಬೃಹನ್ಮುಂಬಯಿಯ ಎಲ್ಲೆ ದಹಿಸರದವರೆಗೆ ಚಾಚಿ ಬೊರಿವಲಿಯೂ ಮುಂಬಯಿಯ ಮುನಿಸಿಪಾಲಿಟಿಯೊಳಗೆ ಬಂದಿತು. ರಾಜ್ಯೋತ್ಸವದ ದಿನವೇ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿಯಲ್ಲಿ ೩೫೦ಎ ಎಂಬ ಅನುಚ್ಛೇದವೊಂದಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ತಾಯ್ನುಡಿಯಲ್ಲಿ ಕೊಡಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಊರು ಬಿಟ್ಟು ಬಂದ ನಮಗೆ ಆ ದಿನ ಸಿಕ್ಕ ಪಾಲು ಇದೇ.

ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತ ಬಂದಿದ್ದಾರೆ. “ಶಾಲೆ ಉಳಿಸಿರಿ” ಎಂಬ ಠರಾವು ನಮ್ಮ ಸಭೆಗಳಲ್ಲಿ ಒಮ್ಮತದಿಂದ ಪಾಸಾಗುತ್ತದೆ. ಠರಾವಿಗೆ ಕೈಯೆತ್ತಿದವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿರುತ್ತಾರೆ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಪಾಲಿಕೆಯ ಅಧಿಕಾರಿ “ನಿಮ್ಮ ಮಕ್ಕಳೆಷ್ಟು?” ಎಂದು ಕೇಳಿದರೆ ಉತ್ತರ ಬೇಡವೆ? ಶಾಲೆಯಲ್ಲಿ ೪೦ ಅಥವಾ ಒಂದು ತರಗತಿಯಲ್ಲಿ ೧೦ ಮಕ್ಕಳಿದ್ದರೆ ತಾಯ್ನುಡಿಯಲ್ಲಿ ಕಲಿಸುವ ಶಿಕ್ಷಕನನ್ನು ನೇಮಿಸಬೇಕೆಂದು ೧೯೪೯ರಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳ ಸಮ್ಮೇಳನವೇ ನಿಶ್ಚಯಿಸಿತ್ತು. ಈ ಸಂಖ್ಯೆಗಳೇ ನಮ್ಮ ಅಳತೆಗೋಲು.

ಆದ್ದರಿಂದ ನಮ್ಮ ನಿಲುವು ಇಷ್ಟು: ಮೊದಲು ಮನೆಮನೆಯ ಎಣಿಕೆಯಾಗಲಿ. ಬೊರಿವಲಿ, ಕಾಂದಿವಲಿ, ದಹಿಸರಗಳ ಚಾಳುಗಳಲ್ಲಿಯೂ ಬಿಲ್ಡಿಂಗುಗಳಲ್ಲಿಯೂ ಆರರಿಂದ ಹದಿನಾಲ್ಕರ ವಯಸ್ಸಿನ ಕನ್ನಡದ ಮಕ್ಕಳೆಷ್ಟು, ಯಾವ ಶಾಲೆಯಲ್ಲಿದ್ದಾರೆ, ಕನ್ನಡ ತರಗತಿಯಿದ್ದರೆ ಕಳಿಸಲು ಮನೆಯವರು ಸಿದ್ಧರೇ ಎಂಬುದನ್ನು ಬರೆದುಕೊಳ್ಳಬೇಕು. ತರಗತಿಗೆ ಹತ್ತು ಮಕ್ಕಳು ಸಿಕ್ಕರೆ ಪಾಲಿಕೆಯನ್ನು ಧೈರ್ಯವಾಗಿ ಕೇಳೋಣ. ಸಿಗದಿದ್ದರೆ ಶಾಲೆಯ ಬೇಡಿಕೆಯನ್ನು ಬಿಟ್ಟು, ಸಂಜೆಯ ಕನ್ನಡ ವರ್ಗಕ್ಕೆ ಪಾಲಿಕೆಯ ಶಾಲೆಯಲ್ಲಿ ಒಂದು ಕೋಣೆಯನ್ನು ಕೇಳುವುದೇ ಸರಿಯಾದ ಮಾರ್ಗ. ಮರಾಠಿಯನ್ನು ಕಲಿಯಬೇಕೆಂಬ ೨೦೨೦ರ ಕಾನೂನಿನೊಡನೆ ನಮಗೆ ಜಗಳವಿಲ್ಲ. ನೆರೆಹೊರೆಯ ಭಾಷೆ ಬಾರದೆ ಇಲ್ಲಿ ಬಾಳುವುದುಂಟೆ? ಇಲ್ಲಿ ನಾವು ಕೇಳುವ ಹಕ್ಕು ಬೆಳಗಾವಿಯ ಮರಾಠಿ ಮಕ್ಕಳಿಗೂ ಉಂಟೆಂಬುದನ್ನು ಮನವಿಯಲ್ಲಿಯೇ ಬರೆದುಬಿಡುವುದು ಒಳ್ಳೆಯದು.

ಮನವಿಯ ಒಂದು ಪ್ರತಿ ರಾಜ್ಯ ಸರಕಾರಕ್ಕೂ ಹೋಗಲಿ. ೩೫೦ನೆಯ ಅನುಚ್ಛೇದದಂತೆ ಅದನ್ನು ಕನ್ನಡದಲ್ಲಿಯೇ ಬರೆಯಬಹುದು. ಆದರೂ ಜೊತೆಗೊಂದು ಮರಾಠಿ ಪ್ರತಿಯನ್ನು ಇಡೋಣ, ಓದಬೇಕಾದವರು ಓದಲಿ.